ಸೂಜಿ ಚುಚ್ಚಿದ ಮೇಲೆ: ಹೆಪಟೈಟಿಸ್ ಸಿ ಭಯ ಇರುವವರು ಯಾವುದನ್ನು ಯಾವಾಗ ಮಾಡಬೇಕು

ನಾನು ಕೋಲಾರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಸಿಸ್ಟರ್‌ಗಳು, ವಾರ್ಡ್ ಬಾಯ್‌ಗಳು, ಕಸ ಎತ್ತುವ ಅಣ್ಣಂದಿರು ಕೌಂಟರ್ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಅಣ್ಣಾ, ಒಂದು ಎಚ್‌ಸಿವಿ ಕಾರ್ಡ್ ಹಾಕಿ ನೋಡ್ತೀರಾ?" ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್. ಅದರ ವಿರುದ್ಧ ಮೈ ತಯಾರಿಸುವ ಆ್ಯಂಟಿಬಾಡಿ ರಕ್ತದಲ್ಲಿ ಇದೆಯಾ ಎಂದು ಆ ಕಾರ್ಡ್ ತೋರಿಸುತ್ತದೆ. ಯಾವಾಗ ಚುಚ್ಚಿತು ಅಂದರೆ ನಿನ್ನೆ ಅನ್ನುತ್ತಾರೆ, ಇಲ್ಲವೇ ನಾಲ್ಕು ದಿನ ಆಯಿತು ಅನ್ನುತ್ತಾರೆ. ಕಾರ್ಡ್‌ನಲ್ಲಿ ಒಂದೇ ಗೆರೆ ಬರುತ್ತದೆ. ಸದ್ಯ ನೆಗೆಟಿವ್ ಅಂತ ಉಸಿರು ಬಿಟ್ಟು ಹೋಗುತ್ತಾರೆ. ನಿನ್ನೆ ಚುಚ್ಚಿದ ಸೂಜಿಯ ಬಗ್ಗೆ ಆ ಗೆರೆ ಏನೂ ಹೇಳಿರುವುದಿಲ್ಲ.

ಎಲ್ಲರೂ ಎಡವುವುದು ಇದೇ ಜಾಗದಲ್ಲಿ, ಕ್ರಮದಲ್ಲಿ. ಅವಸರ ಬೇಕಿಲ್ಲದ ಹೆಪಟೈಟಿಸ್ ಸಿಗೆ ಅವಸರ ಪಡುತ್ತಾರೆ. ಅದೇ ಸೂಜಿಯಲ್ಲಿ ಬರಬಹುದಾದ ಎಚ್‌ಐವಿ, ಹೆಪಟೈಟಿಸ್ ಬಿ ನೆನಪಿಗೇ ಬರುವುದಿಲ್ಲ, ಅವಕ್ಕೆ ಗಂಟೆಗಳ ಲೆಕ್ಕ ಇದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮಾತ್ರೆ, ಇಂಜೆಕ್ಷನ್ ವಿಷಯದಲ್ಲಿ ಕೊನೆಯ ಮಾತು ಡಾಕ್ಟರದ್ದು.

## ಮೊದಲೇ ಸಿದ್ಧ ಇರಬೇಕಾದದ್ದು

ಸೋಪು, ಹರಿಯುವ ನೀರು. ಡ್ಯೂಟಿ ರೂಮಿನ ಗೋಡೆ ಮೇಲೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲ್ಟಿ ನಂಬರ್. ಅಪಘಾತ ಬರೆಯುವ ಒಂದು ರಿಜಿಸ್ಟರ್. ಸೂಜಿ ಕತ್ತರಿಸುವ ಹಬ್ ಕಟರ್, ಮತ್ತು ಚೂಪು ವಸ್ತು ಹಾಕುವ ಬಿಳಿ ಡಬ್ಬಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ, ಬ್ಲೇಡು ಹೋಗಬೇಕಾದದ್ದು ಇದರೊಳಗೆ. ಡಬ್ಬಿ ಮುಕ್ಕಾಲು ತುಂಬಿದರೆ ಬದಲಿಸಿ. ತುಂಬಿದ ಡಬ್ಬಿಗೆ ಇನ್ನೊಂದು ಸೂಜಿ ತುರುಕಲು ಹೋಗಿ ಚುಚ್ಚಿಸಿಕೊಂಡವರು ಕಡಿಮೆ ಇಲ್ಲ.

ಇಷ್ಟಕ್ಕಿಂತ ಮುಖ್ಯ, ನಿಮ್ಮ ಹೆಪಟೈಟಿಸ್ ಬಿ ಲಸಿಕೆಯ ಚೀಟಿ. 0, 1, 6 ತಿಂಗಳಿಗೆ ಮೂರು ಡೋಸ್. ಮೂರನೆಯದಾದ ಒಂದೆರಡು ತಿಂಗಳಿಗೆ ಟೈಟರ್ ಟೆಸ್ಟ್, ಅಂದರೆ ಆ್ಯಂಟಿ ಎಚ್‌ಬಿಎಸ್. ಅದು 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಬಂದಿದೆ ಎಂದು ಅರ್ಥ. ಎರಡು ಡೋಸ್ ಹಾಕಿಸಿಕೊಂಡು ಮೂರನೆಯದನ್ನು ಮರೆತವರೇ ನನಗೆ ಜಾಸ್ತಿ ಸಿಗುವುದು. ಲಸಿಕೆ ಹಾಕಿಸುವುದು ಕೆಲಸ ಕೊಟ್ಟವರ ಹೊಣೆ ಎಂದು ಅದೇ 2016ರ ನಿಯಮದಲ್ಲಿದೆ. ಸಂಕೋಚ ಬೇಡ, ಕೇಳಿ. ಹೆಪಟೈಟಿಸ್ ಸಿಗೆ ಮಾತ್ರ ಲಸಿಕೆ ಇಲ್ಲ.

## ಹಂತ 1: ಮೊದಲ ಐದು ನಿಮಿಷ, ತೊಳೆಯಿರಿ, ಹಿಂಡಬೇಡಿ

ಕೈಯಲ್ಲಿರುವ ಸೂಜಿಯನ್ನು ಟ್ರೇನಲ್ಲಿಡಿ. ಗ್ಲೌಸ್ ತೆಗೆಯಿರಿ. ನಲ್ಲಿ ಬಿಟ್ಟು ಸೋಪು ಹಚ್ಚಿ ತೊಳೆಯಿರಿ. ಅಷ್ಟೇ.

ಹೇಳುವುದು ಸುಲಭ. ಆ ಗಳಿಗೆಯಲ್ಲಿ ಕೈ ತಾನಾಗಿಯೇ ಬೆರಳನ್ನು ಹಿಂಡಲು ಹೋಗುತ್ತದೆ, ಇಲ್ಲವೇ ಬೆರಳು ಬಾಯಿಗೆ ಹೋಗುತ್ತದೆ. ಎರಡೂ ಬೇಡ. ಹಿಂಡಿದರೆ ವೈರಸ್ ಹೊರಗೆ ಬರುವುದಿಲ್ಲ, ಸುತ್ತಲಿನ ಚರ್ಮ ನಲುಗುತ್ತದೆ. ಸ್ಪಿರಿಟ್, ಬ್ಲೀಚ್, ಹೈಪೋಕ್ಲೋರೈಟ್ ಸುರಿಯುವುದೂ ತಪ್ಪು. ಹೈಪೋಕ್ಲೋರೈಟ್ ನೆಲದ ಮೇಲೆ ಚೆಲ್ಲಿದ ರಕ್ತಕ್ಕೆ, ಗಾಯಕ್ಕಲ್ಲ.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿದ್ದೆ. ರಕ್ತ ತೆಗೆದ ಸೂಜಿಗೆ ಕ್ಯಾಪ್ ಹಾಕುವಾಗ ಎಡಗೈ ತೋರುಬೆರಳಿಗೆ ಚುಚ್ಚಿತು. ಸ್ಪಿರಿಟ್ ಹತ್ತಿ ಒತ್ತಿ ಹಿಂಡಿದ್ದೇ ಹಿಂಡಿದ್ದು, ಬೆರಳು ಎರಡು ದಿನ ಊದಿಕೊಂಡಿತ್ತು. ಅಲ್ಲಿನ ಮೇಲಿನವರು "ಡೆಟಾಲ್ ಹಾಕ್ಕೋ ಹೋಗಪ್ಪ, ಏನಾಗಲ್ಲ" ಅಂದರು. ರಿಜಿಸ್ಟರ್ ಇರಲಿಲ್ಲ. ಆ ರೋಗಿ ಸಂಜೆಗೆ ಡಿಸ್ಚಾರ್ಜ್ ಆಗಿ ಹೋದರು. ಅವರ ರಕ್ತ ನೋಡಿದ್ದರೆ ಒಂದೇ ದಿನದಲ್ಲಿ ಮುಗಿಯಬಹುದಾಗಿದ್ದ ಚಿಂತೆಯನ್ನು ಆರು ತಿಂಗಳು ಹೊತ್ತುಕೊಂಡು ತಿರುಗಿದೆ.

ಕಣ್ಣಿಗೆ ರಕ್ತ ಸಿಡಿದರೆ ಸೋಪು ಬೇಡ. ತಲೆ ಹಿಂದಕ್ಕೆ ವಾಲಿಸಿ ಕುಳಿತು, ಇನ್ನೊಬ್ಬರಿಂದ ನೀರನ್ನೋ ಸಲೈನನ್ನೋ ಮೆಲ್ಲಗೆ ಹಾಕಿಸಿಕೊಳ್ಳಿ. ಕಣ್ಣಿಗೆ ಲೆನ್ಸ್ ಹಾಕಿದ್ದರೆ ತೊಳೆದಾದ ಮೇಲೆ ತೆಗೆಯಿರಿ. ಬಾಯಿಗೆ ಹೋಗಿದ್ದರೆ ಉಗಿದು, ನಾಲ್ಕೈದು ಸಲ ಬಾಯಿ ಮುಕ್ಕಳಿಸಿ.

## ಹಂತ 2: ಇದು ಲೆಕ್ಕಕ್ಕೆ ಬರುವ ಗಾಯವಾ?

ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೆ ತೊಳೆದುಕೊಂಡು ಕೆಲಸ ಮುಂದುವರಿಸಿ. ಮೂತ್ರ, ಬೆವರು, ಎಂಜಲು, ವಾಂತಿ, ಇವುಗಳಲ್ಲಿ ರಕ್ತ ಕಾಣದಿದ್ದರೆ ಹೆಪಟೈಟಿಸ್ ಸಿ ಭಯ ಬೇಡ. ರೋಗಿಯ ಪಕ್ಕ ಕುಳಿತು ಕಾಫಿ ಕುಡಿದೆ, ಅವರ ಲೋಟ ಮುಟ್ಟಿದೆ ಅಂತ ಟೆಸ್ಟ್‌ಗೆ ಬರುವವರೂ ಇದ್ದಾರೆ. ಈ ವೈರಸ್ ಊಟದಲ್ಲಿ, ಲೋಟದಲ್ಲಿ, ಸೊಳ್ಳೆಯಲ್ಲಿ ಬರುವುದಿಲ್ಲ.

ಚರ್ಮ ಸೀಳಿದ್ದರೆ, ಕಣ್ಣು ಬಾಯಿಗೆ ಸಿಡಿದಿದ್ದರೆ, ಹಸಿ ಗಾಯದ ಮೇಲೆ ಬಿದ್ದಿದ್ದರೆ ಲೆಕ್ಕಕ್ಕೆ ಬರುತ್ತದೆ. ಅದರಲ್ಲೂ ನಾಲ್ಕು ವಿಷಯ ನೆನಪಿಟ್ಟುಕೊಂಡು ಡಾಕ್ಟರಿಗೆ ಹೇಳಿ: ಸೂಜಿ ಒಳಗೆ ಟೊಳ್ಳಾಗಿತ್ತಾ ಅಥವಾ ಹೊಲಿಗೆ ಸೂಜಿಯಾ, ಅದರ ಮೇಲೆ ರಕ್ತ ಕಾಣುತ್ತಿತ್ತಾ, ರಕ್ತನಾಳದಿಂದ ಈಗಷ್ಟೇ ತೆಗೆದದ್ದಾ, ಎಷ್ಟು ಆಳ ಹೋಯಿತು. ಟೊಳ್ಳು ಸೂಜಿಯೊಳಗೆ ರಕ್ತ ಉಳಿದಿರುತ್ತದೆ, ಅದಕ್ಕೇ ಅದು ಹೆಚ್ಚು ಅಪಾಯ.

ಇನ್ನು ಅಂಕಿ. ನರ್ಸಿಂಗ್ ಓದಿದವರಿಗೆಲ್ಲ "30, 3, 0.3" ಸೂತ್ರ ಬಾಯಿಪಾಠ: ಬಿಗೆ ನೂರಕ್ಕೆ 30, ಸಿಗೆ 3, ಎಚ್‌ಐವಿಗೆ 0.3. ಹಳೆಯ ಚಾರ್ಟ್‌ಗಳಲ್ಲಿ ಸಿಗೆ 1.8 ಅಂತಲೂ ಇರುತ್ತದೆ. 2020ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೊರಡಿಸಿದ ಮಾರ್ಗಸೂಚಿ ಹೊಸ ಲೆಕ್ಕ ಹಾಕಿ, ಚುಚ್ಚಿದ ಗಾಯದಿಂದ ಹೆಪಟೈಟಿಸ್ ಸಿ ಅಂಟುವುದು ನೂರಕ್ಕೆ 0.2 ಎಂದಿತು. ಅಂದರೆ ಹೆಪಟೈಟಿಸ್ ಸಿ ಇರುವವರ ರಕ್ತದ ಸೂಜಿ ಸಾವಿರ ಜನಕ್ಕೆ ಚುಚ್ಚಿದರೆ ಇಬ್ಬರಿಗೆ. ಬಿಯ 30 ಲಸಿಕೆ ಹಾಕಿಸದವರಿಗೆ ಬರುವ ಹೆಚ್ಚಿನ ಲೆಕ್ಕ. ಲಸಿಕೆ ಹಾಕಿಸಿಕೊಂಡು ಟೈಟರ್ ಬಂದವರಿಗೆ ಆ ಭಯವೇ ಇಲ್ಲ.

## ಹಂತ 3: ಅರ್ಧ ಗಂಟೆಯೊಳಗೆ ಹೇಳಿ, ಬರೆಸಿ, ಆ ರೋಗಿಯ ರಕ್ತ ಕೇಳಿ

ಇಡೀ ಸಾಲಿನಲ್ಲಿ ಜನ ಹೆಚ್ಚು ಬಿಡುವ ಹಂತ ಇದು. ಬೈತಾರೆ ಅಂತ ಭಯ. ಕೆಲಸದಿಂದ ತೆಗೀತಾರೆ ಅಂತ ಭಯ. ಮನೆಯವರಿಗೆ ಗೊತ್ತಾದರೆ ಅಂತ ಇನ್ನೊಂದು.

ಹೇಳಿ. ಡ್ಯೂಟಿ ಡಾಕ್ಟರಿಗೆ ಇಲ್ಲವೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ ರಿಜಿಸ್ಟರಿನಲ್ಲಿ ಬರೆಸಿ: ದಿನಾಂಕ, ಸಮಯ, ಯಾವ ಸೂಜಿ, ಏನು ಮಾಡುವಾಗ, ಗ್ಲೌಸ್ ಇತ್ತಾ ಇಲ್ಲವಾ. ರಿಜಿಸ್ಟರೇ ಇಲ್ಲದ ಜಾಗವಾದರೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಏನಾದರೂ ಆದರೆ ಇದು ಕೆಲಸದಲ್ಲೇ ಆದದ್ದು ಅನ್ನುವುದಕ್ಕೆ ಆಧಾರ ಆ ಹಾಳೆಯೇ.

ಆಮೇಲೆ ಆ ಸೂಜಿ ಯಾರ ಮೈಯಿಂದ ಬಂತೋ ಆ ರೋಗಿ. ಅವರು ಡಿಸ್ಚಾರ್ಜ್ ಆಗುವ ಮುಂಚೆ ವಿಷಯ ಹೇಳಿ, ಒಪ್ಪಿಗೆ ಪಡೆದು ರಕ್ತ ತೆಗೆಸಿ. ಎಚ್‌ಐವಿ, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಇದೆಯಾ ಎಂದು ನೋಡುವ ಟೆಸ್ಟ್), ಎಚ್‌ಸಿವಿ ಮೂರೂ ಬೇಕು. ಕೇಳದೆ, ಹಳೆ ಸ್ಯಾಂಪಲ್‌ನಲ್ಲಿ ಕದ್ದು ಎಚ್‌ಐವಿ ಮಾಡುವುದು ಬೇಡ. ಒಪ್ಪಿಗೆ ಇಲ್ಲದೆ ಮಾಡಬಾರದು ಎಂದು 2017ರ ಎಚ್‌ಐವಿ ಏಡ್ಸ್ ಕಾಯ್ದೆ ಹೇಳುತ್ತದೆ. "ಅಮ್ಮಾ, ನಮ್ಮ ಹುಡುಗಿಗೆ ನಿಮ್ಮ ಸೂಜಿ ಚುಚ್ಚಿಬಿಡ್ತು, ಅವಳ ಧೈರ್ಯಕ್ಕೆ ಒಂದು ಟೆಸ್ಟ್" ಅಂದರೆ ನಾನು ಕಂಡಂತೆ ಬೇಡ ಅನ್ನುವವರು ಅಪರೂಪ.

ಎಚ್‌ಸಿವಿಗೆ ಆ ರೋಗಿಯ ಆರ್‌ಎನ್‌ಎ ಟೆಸ್ಟ್ ಮಾಡಿಸಿದರೆ ಒಳ್ಳೆಯದು. ಸಾಧ್ಯ ಇಲ್ಲದಿದ್ದರೆ ಮೊದಲು ಆ್ಯಂಟಿಬಾಡಿ, ಅದು ಪಾಸಿಟಿವ್ ಆದರೆ ಆರ್‌ಎನ್‌ಎ. ಆ್ಯಂಟಿಬಾಡಿ ಪಾಸಿಟಿವ್ ಅಂದರೆ ವೈರಸ್ ಎಂದೋ ಒಂದು ದಿನ ಬಂದಿತ್ತು ಎಂದಷ್ಟೇ. ಈಗ ರಕ್ತದಲ್ಲಿ ಇದೆಯಾ ಎಂದು ಹೇಳುವುದು ಆರ್‌ಎನ್‌ಎ. ರೋಗಿಯ ಆರ್‌ಎನ್‌ಎ ನೆಗೆಟಿವ್ ಬಂದರೆ, ಸಿಗೆ ಸಂಬಂಧಿಸಿದಂತೆ ಸಾಮಾನ್ಯವಾಗಿ ನಿಮ್ಮ ಕಥೆ ಅಲ್ಲಿಗೇ ಮುಗಿಯಿತು. ಮುಂದಿನ ಆರು ತಿಂಗಳ ಓಡಾಟವೇ ಇಲ್ಲ.

ಕಸದ ಚೀಲದಲ್ಲಿ ಚುಚ್ಚಿದ ಪೌರಕಾರ್ಮಿಕರಿಗೆ ಈ ದಾರಿ ಇಲ್ಲ. ಹಾಲಿನ ಪ್ಯಾಕೆಟ್‌ನೊಳಗೆ ಸುತ್ತಿ ಎಸೆದ ಇನ್ಸುಲಿನ್ ಸೂಜಿ ಯಾರ ಮನೆಯದು ಅಂತ ಹುಡುಕುವುದು? ಅಂಥವರು ರೋಗಿ ಗೊತ್ತಿಲ್ಲ ಎಂದೇ ಹಿಡಿದು ಮುಂದಿನ ಹಂತಗಳನ್ನೆಲ್ಲ ಮಾಡಬೇಕು. ಆ ಸೂಜಿಯನ್ನೇ ಕವರ್‌ನಲ್ಲಿ ಹಾಕಿಕೊಂಡು ಟೆಸ್ಟ್ ಮಾಡಿ ಅಂತ ಲ್ಯಾಬ್‌ಗೆ ತರಬೇಡಿ. ಅದನ್ನು ಟೆಸ್ಟ್ ಮಾಡಿ ಪ್ರಯೋಜನ ಇಲ್ಲ. ದಾರಿಯಲ್ಲಿ ಇನ್ನೊಬ್ಬರಿಗೆ ಚುಚ್ಚುತ್ತದೆ, ಅಷ್ಟೇ.

## ಹಂತ 4: ಗಡಿಯಾರ ಓಡುವುದು ಎಚ್‌ಐವಿಗೆ ಮತ್ತು ಬಿಗೆ

ಎಚ್‌ಐವಿ ತಡೆಯುವ ಮಾತ್ರೆಗೆ ಪೆಪ್ ಅನ್ನುತ್ತಾರೆ. ಎರಡು ಗಂಟೆಯೊಳಗೆ ಶುರು ಮಾಡಿದರೆ ಬಹಳ ಒಳ್ಳೆಯದು. 72 ಗಂಟೆ ದಾಟಿದರೆ ಶುರು ಮಾಡುವುದಿಲ್ಲ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ, ದಿನಕ್ಕೊಂದು, 28 ದಿನ. ಬೇಕೋ ಬೇಡವೋ ಎಂದು ಡಾಕ್ಟರು ತೀರ್ಮಾನ ಮಾಡುತ್ತಾರೆ. ರೋಗಿಯ ರಿಪೋರ್ಟ್ ಬರಲಿ ಅಂತ ಮೊದಲ ಡೋಸ್ ತಡ ಮಾಡಬಾರದು. ರಿಪೋರ್ಟ್ ನೆಗೆಟಿವ್ ಬಂದರೆ ಡಾಕ್ಟರು ನಿಲ್ಲಿಸುತ್ತಾರೆ.

ರಾತ್ರಿ ಪಾಳಿಯವರು ಇಲ್ಲೇ ಸಿಕ್ಕಿಕೊಳ್ಳುವುದು. ಶ್ರೀನಿವಾಸಪುರದಲ್ಲೋ ಮುಳಬಾಗಿಲಿನಲ್ಲೋ ರಾತ್ರಿ ಒಂದಕ್ಕೆ ಚುಚ್ಚುತ್ತದೆ. ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಹೋಗೋಣ ಅಂದುಕೊಳ್ಳುತ್ತಾರೆ. ಬೆಳಗ್ಗೆ ಡ್ಯೂಟಿ ಮುಗಿದು ನಿದ್ದೆ, ಮಾರನೆಯ ದಿನ ಭಾನುವಾರ, ನೋಡನೋಡುತ್ತ ಮೂರು ದಿನ. ಹಾಗೆ ಮಾಡಬೇಡಿ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಫೋನ್ ಮಾಡಿ ಪೆಪ್ ಇದೆಯಾ ಕೇಳಿ. ಇಲ್ಲ ಅಂದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕೇಳಿ. ಎಲ್ಲಿ ಸಿಗುತ್ತದೆ ಎಂದು ತಿಳಿಯದಿದ್ದರೆ 1097 ಎಚ್‌ಐವಿ ಸಹಾಯವಾಣಿ ಇದೆ, ಉಚಿತ.

ಹೆಪಟೈಟಿಸ್ ಬಿ ಕಡೆ ನೋಡುವುದು ನಿಮ್ಮ ಟೈಟರ್. 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಏನೂ ಬೇಡ. ಲಸಿಕೆ ಆಗಿಲ್ಲದಿದ್ದರೆ ತಕ್ಷಣ ಲಸಿಕೆಯ ಮೊದಲ ಡೋಸ್. ರೋಗಿಗೆ ಬಿ ಇದ್ದರೆ ಜೊತೆಗೆ ಎಚ್‌ಬಿಐಜಿ ಎಂಬ ಇಂಜೆಕ್ಷನ್, ಆದಷ್ಟು 24 ಗಂಟೆಯೊಳಗೆ, ಏಳು ದಿನ ದಾಟಿಸಬಾರದು.

ಸಿಗೆ? ಏನೂ ಇಲ್ಲ. ತಡೆಯುವ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಅಂಟುವ ಸಂಭವ ಅಷ್ಟು ಕಡಿಮೆ, ಅಂಟಿದರೆ ಗುಣ ಮಾಡುವ ಮಾತ್ರೆ ಅಷ್ಟು ಚೆನ್ನಾಗಿದೆ. ಹಾಗಾಗಿ ಕಾದು ನೋಡುವುದೇ ಇಲ್ಲಿ ಸರಿಯಾದ ಕ್ರಮ. ಮೆಡಿಕಲ್ ಸ್ಟೋರ್‌ನಲ್ಲಿ "ಲಿವರ್ ಟಾನಿಕ್ ಕೊಡಿ, ಸೂಜಿ ಚುಚ್ಚಿದೆ" ಅಂದರೆ ಹಣ ದಂಡ.

## ಹಂತ 5: 48 ಗಂಟೆಯೊಳಗೆ ನಿಮ್ಮ ಮೊದಲ ರಕ್ತ

ಈಗ ನಿಮ್ಮ ರಕ್ತ ಕೊಡಿ. ಆ್ಯಂಟಿ ಎಚ್‌ಸಿವಿ, ಅಂದರೆ ಆ್ಯಂಟಿಬಾಡಿ ಟೆಸ್ಟ್. ಅದು ಪಾಸಿಟಿವ್ ಬಂದರೆ ಮಾತ್ರ ಆರ್‌ಎನ್‌ಎ. ಜೊತೆಗೆ ಎಚ್‌ಐವಿ, ಎಚ್‌ಬಿಎಸ್‌ಎಜಿ. ಎಸ್‌ಜಿಪಿಟಿ ಎಂಬ ಲಿವರ್ ಟೆಸ್ಟ್ ಕೂಡ ಮಾಡಿಸಿಟ್ಟರೆ ಮುಂದೆ ಹೋಲಿಸಲು ಅನುಕೂಲ.

ಈ ರಿಪೋರ್ಟ್ ಹೇಳುವುದು ಚುಚ್ಚುವ ಮುಂಚೆ ನೀವು ಹೇಗಿದ್ದಿರಿ ಅನ್ನುವುದನ್ನು. ಈ ಸೂಜಿಯಿಂದ ಏನಾಯಿತು ಎಂದು ಇದರಲ್ಲಿ ಕಾಣಿಸುವುದಿಲ್ಲ. ಅಂಟಿದರೂ ಆರ್‌ಎನ್‌ಎ ರಕ್ತದಲ್ಲಿ ಸಿಗಲು ಒಂದೆರಡು ವಾರ ಬೇಕು. ಆ್ಯಂಟಿಬಾಡಿ ಬರಲು ಸಾಮಾನ್ಯವಾಗಿ 8ರಿಂದ 11 ವಾರ. ಕೌಂಟರ್‌ಗೆ ಬಂದು ಕಾರ್ಡ್ ಹಾಕಿಸಿ ನಗುತ್ತಾ ಹೋದವರಿಗೆ ನಾನು ಹಿಂದಿನಿಂದ ಕೂಗಿ ಹೇಳುವುದು ಇದನ್ನೇ.

ಹಾಗಾದರೆ ಸುಮ್ನೆ ಯಾಕೆ ಮಾಡಿಸಬೇಕು ಅಂತೀರಾ? ಆರು ತಿಂಗಳಾದ ಮೇಲೆ ಪಾಸಿಟಿವ್ ಬಂದರೆ, ಇದು ಮೊದಲೇ ಇತ್ತೋ ಕೆಲಸದಲ್ಲಿ ಬಂತೋ ಎಂಬ ಪ್ರಶ್ನೆ ಏಳುತ್ತದೆ. ಆಗ ಈ ಮೊದಲ ರಿಪೋರ್ಟ್ ಒಂದೇ ನಿಮ್ಮ ಪರ ಮಾತಾಡುವುದು.

## ಹಂತ 6: 3ರಿಂದ 6 ವಾರಕ್ಕೆ ಆರ್‌ಎನ್‌ಎ

ಈ ಸಲ ಕಾರ್ಡ್ ಬೇಡ, ಎಲೈಸಾ ಬೇಡ, ಎರಡೂ ನೋಡುವುದು ಆ್ಯಂಟಿಬಾಡಿಯನ್ನು. ಎಚ್‌ಸಿವಿ ಆರ್‌ಎನ್‌ಎ ಎಂದೇ ಚೀಟಿಯಲ್ಲಿ ಬರೆಸಿ. ಕೆಲವು ಕಡೆ ವೈರಲ್ ಲೋಡ್ ಅಂತಲೂ ಕರೆಯುತ್ತಾರೆ. "ಹೆಪಟೈಟಿಸ್ ಟೆಸ್ಟ್" ಅಂತಷ್ಟೇ ಬರೆದುಕೊಂಡು ಬಂದರೆ ಕೌಂಟರಿನವರು ಕಾರ್ಡ್ ಹಾಕಿ ಕಳಿಸುತ್ತಾರೆ. ಅವರದ್ದೂ ತಪ್ಪಲ್ಲ.

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ ರಕ್ತ ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ ಇಲ್ಲೇ ಪ್ಲಾಸ್ಮಾ ಬೇರೆ ಮಾಡಿ ತಣ್ಣಗೆ ಕಳಿಸುತ್ತಾರಾ ಎಂದು ಕೇಳಿ. ಬಿಸಿಲಲ್ಲಿ ದಿನವಿಡೀ ಬೈಕಿನ ಡಬ್ಬಿಯಲ್ಲಿ ಸುತ್ತಿದ ಟ್ಯೂಬ್‌ನ ನೆಗೆಟಿವ್ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ.

ಖಾಸಗಿಯಲ್ಲಿ ಇದು ದುಬಾರಿ ಟೆಸ್ಟ್. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ, ಔಷಧಿ ಎರಡೂ ಉಚಿತ. ಖಾಸಗಿಗೆ ದುಡ್ಡು ಕಟ್ಟುವ ಮುಂಚೆ ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ಕೇಳಿ.

## ಹಂತ 7: ಕಾಯುವ ದಿನಗಳು

ಕೆಲಸ ಬಿಡಬೇಕಿಲ್ಲ. ಮಕ್ಕಳನ್ನು ಎತ್ತಿಕೊಳ್ಳಬಹುದು, ಮುದ್ದೆ ಮಾಡಿ ಎಲ್ಲರಿಗೂ ಬಡಿಸಬಹುದು. ಬಾಣಂತಿಯಾಗಿದ್ದರೆ ಸಿ ಭಯಕ್ಕೆ ಹಾಲು ಬಿಡಿಸಬೇಡಿ. ರಕ್ತದಾನ ಮಾತ್ರ ಈ ಆರು ತಿಂಗಳು ಬೇಡವೇ ಬೇಡ, ಕ್ಯಾಂಪ್‌ನಲ್ಲಿ ಗೆಳೆಯರು ಎಳೆದರೂ. ಎಚ್‌ಐವಿ ಕಡೆಯ ಅನುಮಾನ ಇನ್ನೂ ಬಗೆಹರಿದಿಲ್ಲದಿದ್ದರೆ ಗಂಡ ಹೆಂಡತಿ ಕಾಂಡೋಮ್ ಬಳಸಬೇಕು, ಮಗುವಿಗೆ ಹಾಲು ಕೊಡುವ ಬಗ್ಗೆಯೂ ಡಾಕ್ಟರನ್ನು ಕೇಳಬೇಕು. ಎಚ್‌ಐವಿ ಟೆಸ್ಟ್‌ನ ದಿನಾಂಕಗಳೇ ಬೇರೆ, ಐಸಿಟಿಸಿ (ಸರ್ಕಾರಿ ಎಚ್‌ಐವಿ ಸಲಹೆ, ಪರೀಕ್ಷಾ ಕೇಂದ್ರ) ಕೌನ್ಸೆಲರ್ ಬರೆದುಕೊಡುತ್ತಾರೆ.

ಗಮನಿಸಬೇಕಾದ ಲಕ್ಷಣಗಳು: ಕಣ್ಣು ಹಳದಿಯಾಗುವುದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಊಟ ಕಂಡರೆ ವಾಕರಿಕೆ, ಏಳಲಾರದಷ್ಟು ಸುಸ್ತು, ಬಲಪಕ್ಕೆಯ ಕೆಳಗೆ ನೋವು. ಇವು ಬಂದರೆ ಮುಂದಿನ ತಾರೀಖಿಗೆ ಕಾಯದೆ ಲಿವರ್ ಟೆಸ್ಟ್, ಆರ್‌ಎನ್‌ಎ ಎರಡೂ ಮಾಡಿಸಿ. ಕಾಮಾಲೆಗೆ ನಾಟಿ ಔಷಧಿ ಹಾಕಿಸಲು ಹೋಗಿ ಎರಡು ವಾರ ಕಳೆದುಕೊಳ್ಳಬೇಡಿ. ಆದರೆ ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಹಳದಿ ಬಂತು ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವರೂ ಇದ್ದಾರೆ. ಅದು ಮಾತ್ರೆಯ ಬಣ್ಣ.

ಇನ್ನೊಂದು ಕಡೆಯೂ ಹುಷಾರಾಗಿರಿ. ಸಿ ಅಂಟಿದ ಹೆಚ್ಚಿನವರಿಗೆ ಯಾವ ಲಕ್ಷಣವೂ ಬರುವುದಿಲ್ಲ. "ಚೆನ್ನಾಗೇ ಇದ್ದೀನಲ್ಲಾ" ಅಂತ ಕೊನೆಯ ಟೆಸ್ಟ್ ಬಿಡುವುದಕ್ಕೆ ಅದು ಕಾರಣ ಆಗಬಾರದು.

## ಹಂತ 8: 4ರಿಂದ 6 ತಿಂಗಳಿಗೆ ಕೊನೆಯ ಟೆಸ್ಟ್

ಆ್ಯಂಟಿ ಎಚ್‌ಸಿವಿ, ಪಾಸಿಟಿವ್ ಆದರೆ ಆರ್‌ಎನ್‌ಎ. ನೆಗೆಟಿವ್ ಬಂದರೆ ಮುಗಿಯಿತು. ಇದಾದ ಮೇಲೂ ವರ್ಷಕ್ಕೆ ನಾಲ್ಕು ಸಲ ಬಂದು ಕಾರ್ಡ್ ಹಾಕಿಸುವವರು ಇದ್ದಾರೆ, ಬೇಡ.

ಆರನೇ ವಾರದ ಆರ್‌ಎನ್‌ಎ ನೆಗೆಟಿವ್ ಬಂದಿತ್ತಲ್ಲ, ಇದು ಯಾಕೆ ಬೇಕು? ಶುರುವಿನ ತಿಂಗಳುಗಳಲ್ಲಿ ವೈರಸ್ ರಕ್ತದಲ್ಲಿ ಕೆಲವೊಮ್ಮೆ ಕಾಣಿಸಿ, ಕೆಲವೊಮ್ಮೆ ಸಿಗದಷ್ಟು ಕಡಿಮೆಯಾಗುತ್ತದೆ. ಒಂದು ನೆಗೆಟಿವ್ ಆರ್‌ಎನ್‌ಎ ಅಂಥ ದಿನದ್ದೂ ಆಗಿರಬಹುದು.

## ಹಂತ 9: ಪಾಸಿಟಿವ್ ಬಂದರೆ

ಕಾರ್ಡ್ ಪಾಸಿಟಿವ್ ಅಂದ ಮಾತ್ರಕ್ಕೆ ಮನೆಯಲ್ಲಿ ಹೇಳಿ ಅಳಬೇಡಿ. ಆರ್‌ಎನ್‌ಎ ಮಾಡಿಸಿ. ಅದೂ ಪಾಸಿಟಿವ್ ಆದರೆ ಚಿಕಿತ್ಸೆ. ಕೆಲವರಿಗೆ ತಾನಾಗಿಯೇ ಹೋಗುವುದುಂಟು, ಆದರೆ ಅದನ್ನು ಕಾಯುತ್ತ ಕೂರುವುದು ಈಗ ಹಳೆಯ ರೂಢಿ.

ಸರ್ಕಾರಿ ಕಾರ್ಯಕ್ರಮದಲ್ಲಿ ಲಿವರ್‌ಗೆ ಇನ್ನೂ ಸಿರೋಸಿಸ್ (ಕಲೆಗಟ್ಟಿ ಗಡುಸಾಗುವುದು) ಆಗಿರದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್ 400 ಮತ್ತು ಡಾಕ್ಲಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 12 ವಾರ ಕೊಡುತ್ತಾರೆ. ನೂರಕ್ಕೆ 95ಕ್ಕೂ ಹೆಚ್ಚು ಜನಕ್ಕೆ ಗುಣವಾಗುತ್ತದೆ. ಮಾತ್ರೆ ಶುರು ಮಾಡುವ ಮುಂಚೆ ಹೆಪಟೈಟಿಸ್ ಬಿ ನೋಡಿಸಲೇಬೇಕು, ಒಳಗೆ ಬಿ ಇದ್ದರೆ ಈ ಚಿಕಿತ್ಸೆಯಲ್ಲಿ ಅದು ಎದ್ದು ಕೂರಬಹುದು. ಫಿಟ್ಸ್, ಟಿಬಿ, ಹೃದಯದ ಬಡಿತದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ, ಕೆಲವು ಒಂದಕ್ಕೊಂದು ಆಗಿಬರುವುದಿಲ್ಲ. ಮಾತ್ರೆ ಮುಗಿದ 12 ವಾರಕ್ಕೆ ಇನ್ನೊಂದು ಆರ್‌ಎನ್‌ಎ. ಅದು ನೆಗೆಟಿವ್ ಬಂದರೆ ಗುಣವಾಗಿದೆ. ಇನ್ನೊಂದು ಸೂಜಿ ಚುಚ್ಚಿದರೆ ಮತ್ತೆ ಬರಬಹುದು, ಒಮ್ಮೆ ಬಂದು ಹೋದದ್ದು ರಕ್ಷಣೆ ಕೊಡುವುದಿಲ್ಲ.

ಗುಣವಾದ ಮೇಲೂ ಕಾರ್ಡ್‌ನಲ್ಲಿ ಎರಡು ಗೆರೆ ಬರುತ್ತಲೇ ಇರುತ್ತದೆ, ಆ್ಯಂಟಿಬಾಡಿ ಅಷ್ಟು ಬೇಗ ಹೋಗುವುದಿಲ್ಲ. ಹೊಸ ಕೆಲಸಕ್ಕೆ ಸೇರುವಾಗ, ಇಲ್ಲವೇ ಆಪರೇಷನ್‌ಗೆ ಮುಂಚೆ ಯಾರಾದರೂ ಕಾರ್ಡ್ ಹಾಕಿ "ಪಾಸಿಟಿವ್" ಅಂದರೆ ಆ ಕೊನೆಯ ಆರ್‌ಎನ್‌ಎ ರಿಪೋರ್ಟ್ ಮುಂದಿಡಿ. ಅದನ್ನು ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಥರ್ಮಲ್ ಪೇಪರ್ ಆಗಿದ್ದರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ಲಸಿಕೆ ಚೀಟಿಯ ಜೊತೆ ಪಿನ್ ಮಾಡಿಡಿ.